ತಾಯವ್ವ ಪುಸ್ತಕ ಭಂಡಾರದ ತಾಯವ್ವ ಯಾರು?

ವೇದಿಕೆಯ ಮೇಲಿನ ಹಿರಿಯರೇ, ಕುಂದಗೋಳದ ಬಂಧುಗಳೇ, ಗುಡಗೇರಿ, ಕಲಘಟಗಿ, ಅಣ್ಣಿಗೇರಿ, ನವಲಗುಂದದಿಂದ ಬಸ್ಸು ಬದಲಿಸಿ ಬಂದಿರುವ ಓದುಗರೇ — ಮುಂದಿನ ಸಾಲಿನಲ್ಲಿ ಕೂತಿರುವ ಗೌರಕ್ಕನವರೇ, ಅವರ ಮಗಳು ಶೈಲಾ — ನಿಮ್ಮೆಲ್ಲರಿಗೂ ಶರಣು.

ನಿರೂಪಣೆ ಮಾಡುವವರು ನನ್ನ ಕಿವಿಯಲ್ಲಿ ‘ಅಕ್ಕಾರ, ಐದು ನಿಮಿಷದಾಗ ಮುಗಸ್ರಿ’ ಅಂದಿದ್ದಾರೆ. ಮುಗಿಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಚೀಟಿ ಕಳಿಸಬೇಡಿ.

ನಾನು ಮಹಾನಂದಾ ಯರಗುಪ್ಪಿ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ದಿನಾ ತಾಯವ್ವ ಪುಸ್ತಕ ಭಂಡಾರದಲ್ಲಿ ಮಡಿವಾಳೆಪ್ಪ ಕಮಡೊಳ್ಳಿಯವರ ಬಾಜು ಕೂತು ಕೆಲಸ ಮಾಡಿದೆ. ನೀವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದಿರಿ, ನಾನೂ ಅನ್ನುತ್ತಿದ್ದೆ.

ನನಗಿಂತ ಮೊದಲು ಮಾತಾಡಿದವರೆಲ್ಲ ಕಾಕಾ ತಾಳ್ಮೆಯ ಮೂರ್ತಿ ಅಂದರು, ಜ್ಞಾನದಾಸೋಹಿ ಅಂದರು. ಇರಬಹುದು. ದೂರದಿಂದ ಹಾಗೆ ಕಾಣಿಸಿರಬಹುದು. ಬಾಜು ಕೂತವಳು ನಾನು. ನನಗೆ ಅವರ ಮೇಲೆ ಸಿಟ್ಟಿದೆ — ಹೌದ್ರಿ, ಹೂವಿನ ಹಾರ ಹಾಕಿದ ಫೋಟೋದ ಮುಂದೆ ನಿಂತೇ ಹೇಳುತ್ತೇನೆ — ಅಗದಿ ಸಿಟ್ಟಿದೆ. ಹೋದ ತಿಂಗಳು ಒಂದು ಮಧ್ಯಾಹ್ನ ಹೆಂಡತಿ ಗೌರಕ್ಕ ತಂದ ಬುತ್ತಿ ಉಂಡು, ಕಪಾಟಿಗೆ ಒರಗಿ ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ. ಬೆಳಿಗ್ಗೆಯಷ್ಟೇ ನಾನು ಅವರಿಗೆ ಒಂದು ಪ್ರಶ್ನೆ ಕೇಳಿದ್ದೆ. ‘ನಾಳೆ ಹೇಳತೇನಿ ತಗೋವಾ’ ಅಂದಿದ್ದರು.

ಆ ಪ್ರಶ್ನೆ ಏನು ಅಂತ ಹೇಳುತ್ತೇನೆ. ಅದಕ್ಕಿಂತ ಮೊದಲು ಆ ಅಂಗಡಿ ಎಂಥದ್ದು ಅಂತ, ಇಲ್ಲಿ ಸುಮ್ಮನೆ ಊರ ಮರ್ಯಾದೆಗೆ ಬಂದವರೂ ಇದ್ದೀರಲ್ಲ, ಅವರಿಗೆ ಗೊತ್ತಾಗಲಿ.

ಅಲ್ಲಿ ಕಾದಂಬರಿ ಸಿಗುತ್ತಿರಲಿಲ್ಲ. ಪಂಚಾಂಗ ಸಿಗುತ್ತಿರಲಿಲ್ಲ. ಪರೀಕ್ಷೆಯ ಗೈಡು ಕೇಳಿದರೆ ಕಾಕಾ ಬಾಗಿಲ ಕಡೆ ಕೈ ಮಾಡುತ್ತಿದ್ದರು, ಹೀಗೆ. ಇತಿಹಾಸ, ಅರ್ಥಶಾಸ್ತ್ರ, ಭಾಷಾಶಾಸ್ತ್ರ, ಕಾನೂನು, ಮಣ್ಣಿನ ವಿಜ್ಞಾನ — ಇಷ್ಟೇ. ಸಂತೆಗೆ ಬಂದವರು ಮೆಣಸಿನಕಾಯಿ ಚೀಲ ಹೊರಗಿಟ್ಟು ಒಳಗೆ ಬಂದು ಶಾಸನಶಾಸ್ತ್ರದ ಪುಸ್ತಕ ತಿರುವಿ ಹಾಕುತ್ತಿದ್ದ ಅಂಗಡಿ ಅದು. ಹುಬ್ಬಳ್ಳಿಯವರೇ ಇಲ್ಲಿಗೆ ಬಂದು ಪುಸ್ತಕ ಒಯ್ಯುತ್ತಿದ್ದರು. ಒಯ್ಯುತ್ತಿದ್ದರು ಅಂದೆನಲ್ಲ, ಅರ್ಧ ಸುಳ್ಳು. ಕಾಕಾ ಕೊಟ್ಟರೆ ಒಯ್ಯುತ್ತಿದ್ದರು!

ಯಾಕಂದರೆ ಅವರಿಗೊಂದು ಕೆಟ್ಟ ಚಾಳಿ ಇತ್ತು. ಇಲ್ಲಿರುವ ಎಲ್ಲರಿಗೂ ಗೊತ್ತು, ಎಲ್ಲರೂ ಅನುಭವಿಸಿದ್ದೀರಿ, ನಗಬೇಡಿ. ನಾಲ್ಕು ಸಂಪುಟದ ಪುಸ್ತಕ ಬಂತು ಅನ್ನಿ. ಜಗತ್ತಿನ ಯಾವ ಅಂಗಡಿಯವನಾದರೂ ನಾಲ್ಕನ್ನೂ ದಾರದಿಂದ ಕಟ್ಟಿ ಒಬ್ಬನಿಗೆ ಮಾರುತ್ತಾನೆ. ನಮ್ಮ ಕಾಕಾ ಸೆಟ್ಟು ಒಡೆಯುತ್ತಿದ್ದರು. ಒಂದನೆಯದು ಒಂದು ಊರಿಗೆ, ಎರಡನೆಯದು ಇನ್ನೊಂದು ಊರಿಗೆ. ಒಬ್ಬರಿಗೇ ಇಡೀ ಸೆಟ್ಟು — ಇಲ್ಲ. ಎಷ್ಟು ಕೊಟ್ಟರೂ ಇಲ್ಲ, ಯಾರ ಶಿಫಾರಸು ತಂದರೂ ಇಲ್ಲ.

ನವಲಗುಂದದಿಂದ ಸುನೀತಾ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಸಂಶೋಧನೆ ಮಾಡುವ ಹುಡುಗಿ, ಬಿಸಿಲಲ್ಲಿ ಬಂದಿದ್ದಳು, ಕರಿಮಣ್ಣಿನ ಮೇಲಿನ ನಾಲ್ಕು ಸಂಪುಟ ಬೇಕಾಗಿತ್ತು. ಕಾಕಾ ಮೂರನೆಯದನ್ನು ಮಾತ್ರ ತೆಗೆದು ಮುಂದಿಟ್ಟರು.

‘ಒಂದನೇದು ಎಲ್ಲೈತ್ರಿ?’

‘ಅಣ್ಣಿಗೇರಿ ಜುಲೇಖಾಬಿ ಹತ್ರ ಐತಿ. ಹೋಗು, ಬಾಳ ಚಲೋ ಹೆಣಮಗಳು. ಚಾ ಮಾಡಿ ಕೊಡತಾಳ.’

‘ನನಗ ಚಾ ಬ್ಯಾಡ್ರಿ, ಪುಸ್ತಕ ಬೇಕು!’

‘ಅದನ್ನೂ ಅಕಿನ ಕೊಡತಾಳ. ಮದ್ಲು ಚಾ ಕುಡಿ.’

ಹುಡುಗಿ ಹೊರಗೆ ಬಂದು ನನ್ನ ಮುಂದೆ ಅತ್ತುಬಿಟ್ಟಳು. ಈಗ ನೋಡಿ, ಅಲ್ಲಿ ಎರಡನೇ ಸಾಲಿನಲ್ಲಿ ಜುಲೇಖಾಬಿಯ ಬಾಜು ಕೂತಿದ್ದಾಳೆ. ಇಬ್ಬರೂ ಒಂದೇ ಕರ್ಚೀಫಿನಲ್ಲಿ ಕಣ್ಣು ಒರಸಿಕೊಳ್ಳುತ್ತಿದ್ದಾರೆ. ಸರಿ, ಅದು ಚೆನ್ನಾಗಿ ಆಯಿತು. ಎಲ್ಲವೂ ಹಾಗೇ ಆಗುವುದಿಲ್ಲ.

ಅಂಗಡಿಗೆ ನಲವತ್ತು ವರ್ಷ ತುಂಬಿದಾಗ ಓದುಗರೆಲ್ಲ ಸಭೆ ಸೇರಿದಿರಿ. ಈ ಅಂಗಡಿಯ ಇತಿಹಾಸ ದಾಖಲಾಗಬೇಕು ಅಂದಿರಿ. ಠರಾವು ಮಾಡಿದಿರಿ. ಉಪ್ಪಿಟ್ಟು ತಿಂದಿರಿ. ಎದ್ದು ಹೋದಿರಿ! ಕೆಲಸ ನನ್ನ ಕೊರಳಿಗೆ ಬಿತ್ತು.

ನಾನೂ ಹುರುಪಿನಿಂದ ಮೊಬೈಲು ರೆಕಾರ್ಡಿಂಗಿಗೆ ಇಟ್ಟು ಕಾಕಾ ಮುಂದೆ ಕೂತೆ. ಅಂಗಡಿಗೆ ಜಾಗ ಹೇಗೆ ಸಿಕ್ಕಿತು ಕಾಕಾ? ‘ಅದನ್ನ ನವಲಗುಂದದ ವಕೀಲರಿಗೆ ಹೇಳೇನಿ.’ ಮೊದಲ ಪುಸ್ತಕ ಯಾರಿಗೆ ಮಾರಿದಿರಿ? ‘ಅದು ಜುಲೇಖಾಬಿಗೆ ಗೊತ್ತೈತಿ.’ ಕಾಕಾ, ನೀವೇ ಎದುರಿಗೆ ಕೂತಿದ್ದೀರಲ್ಲ, ಬಾಯಿ ಇದೆಯಲ್ಲ, ಹೇಳಬಾರದಾ? ‘ಎಲ್ಲಾ ನಾನ ಹೇಳಿದ್ರ ನೀ ಅವರ ಮನಿಗ್ಯಾಕ ಹೋಗ್ತಿ?’

ಕೇಳಿದಿರಾ! ಮನುಷ್ಯ ತನ್ನ ಅಂಗಡಿಯ ಇತಿಹಾಸವನ್ನೂ ಸೆಟ್ಟು ಒಡೆದ ಹಾಗೆ ಒಡೆದು ಊರೂರಿಗೆ ಹಂಚಿಬಿಟ್ಟಿದ್ದ. ಈ ವಯಸ್ಸಿನಲ್ಲಿ, ಈ ಮೊಣಕಾಲು ಕಟ್ಟಿಕೊಂಡು, ನಾನು ಜಿಲ್ಲೆಯ ಬಸ್ಸುಗಳಲ್ಲಿ ಜೋತಾಡಿದ್ದೇನೆ. ನವಲಗುಂದಕ್ಕೆ ಹೋದರೆ ವಕೀಲರು ಕೋರ್ಟಿನಲ್ಲಿ. ಅಣ್ಣಿಗೇರಿಗೆ ಹೋದರೆ ಜುಲೇಖಾಬಿ ಮೊದಲು ಊಟ ಮಾಡಿ ಅನ್ನುತ್ತಾಳೆ. ನನ್ನ ತೂಕ ಹೆಚ್ಚಾಯಿತೇ ಹೊರತು ಇತಿಹಾಸ ಹೆಚ್ಚಾಗಲಿಲ್ಲ.

ಆದರೂ ಬರೆದೆ. ಬಹಳಷ್ಟು ಬರೆದಿದ್ದೇನೆ. ಒಂದೇ ಒಂದು ಬಾಕಿ, ಅದೂ ಮೊದಲನೆಯ ಪುಟ. ಅಂಗಡಿಗೆ ತಾಯವ್ವ ಅಂತ ಯಾಕೆ ಹೆಸರಿಟ್ಟರು? ಆ ತಾಯವ್ವ ಯಾರು? ಅದೇ ನಾನು ಆ ಬೆಳಿಗ್ಗೆ ಕೇಳಿದ ಪ್ರಶ್ನೆ.

ಇದು ಬರೀ ನನ್ನ ಪುಸ್ತಕದ ಪ್ರಶ್ನೆಯಾಗಿದ್ದರೆ ನಾನು ಈ ದುಃಖದ ಸಭೆಯಲ್ಲಿ ಎತ್ತುತ್ತಿರಲಿಲ್ಲ. ಗೌರಕ್ಕನವರ ಅಪ್ಪಣೆ ಕೇಳಿಯೇ ಎತ್ತಿದ್ದೇನೆ. ಹೌದಲ್ರಿ ಗೌರಕ್ಕಾ? — ಹೂಂ ಅಂದರು.

ಕಮಡೊಳ್ಳಿಯವರ ಮನೆತನದಲ್ಲಿ ತಾಯವ್ವ ಅನ್ನುವವರು ಯಾರೂ ಇಲ್ಲ. ಗೌರಕ್ಕ ಮದುವೆಯಾಗಿ ಬಂದಾಗ ಆ ಬೋರ್ಡು ಆಗಲೇ ಅಲ್ಲಿತ್ತು. ನಮ್ಮ ಊರಿನ ಹೆಂಗಸರು ಸುಮ್ಮನಿರುತ್ತಾರೆಯೇ? ‘ತಾಯವ್ವ ಅಂದ್ರ ನಿಮ್ಮ ಅತ್ತಿಯವರೇನ್ರಿ?’ ಅಲ್ಲ. ‘ಅಜ್ಜಿಯವರೇನ್ರಿ?’ ಅಲ್ಲ. ‘ಹಂಗಾರ ಮತ್ತ ಯಾರು?’ ಆ ‘ಮತ್ತ ಯಾರು’ ಅಂದ ಮೇಲೆ ಒಂದು ನಗೆ ನಗುತ್ತಾರೆ ನೋಡಿ — ಬೇಡ, ನಾನು ಮಾಡಿ ತೋರಿಸುವುದಿಲ್ಲ. ಆ ನಗೆಯ ಕೆಳಗೆ, ಆ ಬೋರ್ಡಿನ ಕೆಳಗೆ, ಈ ತಾಯಿ ನಲವತ್ತು ವರ್ಷ ಬುತ್ತಿ ಹೊತ್ತು ಬಂದಿದ್ದಾರೆ.

ಹೊಸದರಲ್ಲಿ ಒಮ್ಮೆ ಕೇಳಿದರಂತೆ. ಕಾಕಾ ಹೇಳಿದ್ದೇನು? ‘ಅದು ದೊಡ್ಡ ಕತಿ. ಅರ್ಧಾ ಪ್ರಭುಗ ಹೇಳೇನಿ, ಅರ್ಧಾ ಸಿದ್ದರಾಮಗ ಹೇಳೇನಿ. ಇಬ್ಬರನೂ ಒಂದಿನ ಊಟಕ್ಕ ಕರಿ, ಕೂಡಿಸಿ ಹೇಳತಾರ.’ ಹೆಂಡತಿಗೆ ಹೀಗೆ ಹೇಳುವ ಗಂಡನಿಗೆ ಏನನ್ನಬೇಕು? ನೀವೇ ಹೇಳಿ!

ಪ್ರಭು ಸರ್ ಕಲಘಟಗಿಯವರು, ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ತರರು. ಈ ಗೋಡೆಯ ಹತ್ತಿರ ಕೂತಿದ್ದಾರೆ. ಸಿದ್ದರಾಮಣ್ಣ ಗುಡಗೇರಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವವರು, ದೊಡ್ಡ ಓದುಗರು. ಆ ಗೋಡೆಯ ಹತ್ತಿರ ಕೂತಿದ್ದಾರೆ. ಭವನದಲ್ಲಿ ಇದಕ್ಕಿಂತ ದೂರ ಕೂರಲು ಜಾಗವಿಲ್ಲ, ಇದ್ದಿದ್ದರೆ ಕೂರುತ್ತಿದ್ದರು.

ಕಾಕಾ ಇವರಿಬ್ಬರಿಗೂ ಕೃಷಿ ಅರ್ಥಶಾಸ್ತ್ರದ ಒಂದು ಸೆಟ್ಟು ಒಡೆದು ಕೊಟ್ಟಿದ್ದರು. ಮೊದಲನೆಯದು ಪ್ರಭು ಸರ್‌ಗೆ, ಎರಡನೆಯದು ಸಿದ್ದರಾಮಣ್ಣನಿಗೆ. ಪ್ರಭು ಸರ್ ಹೇಳಿದರು: ಓದುವುದು ಮೊದಲಿನಿಂದ, ಮೊದಲಿನದು ನನ್ನ ಹತ್ತಿರ ಇದೆ, ಹಾಗಾಗಿ ಅವನು ನಮ್ಮ ಮನೆಗೆ ಬರಬೇಕು. ಸಿದ್ದರಾಮಣ್ಣ ಹೇಳಿದರು: ಮೊದಲಿನದು ಓದಿ ಮುಗಿಸಿದವನು ಅವನು, ಮುಂದಿನದು ಬೇಕಾದವನು ಅವನು, ಹಾಗಾಗಿ ಅವನೇ ನಮ್ಮ ಮನೆಗೆ ಬರಬೇಕು. ಮುಗಿಯಿತು. ಅವತ್ತಿನಿಂದ ಮಾತಿಲ್ಲ. ಹೊಲದ ಬದುವಿನ ಜಗಳ ಕೇಳಿದ್ದೇನೆ, ಪಾಲಿನ ಜಗಳ ಕೇಳಿದ್ದೇನೆ, ಯಾರು ಯಾರ ಮನೆಯ ಚಹಾ ಮೊದಲು ಕುಡಿಯಬೇಕು ಅಂತ ಇಷ್ಟು ವರ್ಷದ ಜಗಳ ನಾನು ಬೇರೆ ಎಲ್ಲೂ ಕೇಳಿಲ್ಲ!

ಗೌರಕ್ಕ ಊಟಕ್ಕೆ ಕರೆದರು. ಒಬ್ಬರು ಬರುತ್ತಾರೆ ಅಂತ ಗೊತ್ತಾದರೆ ಇನ್ನೊಬ್ಬರಿಗೆ ಜ್ವರ. ಹೋಳಿಗೆ ಮಾಡಿದರೂ ಜ್ವರ.

ನಾನು ಕಲಘಟಗಿಗೆ ಹೋದೆ. ಪ್ರಭು ಸರ್ ಅಂದರು: ‘ಹೇಳಾಕ ನಂದೇನೂ ತಕರಾರಿಲ್ರಿ. ಆಂವ ನನ್ನ ಮುಂದ ಬಂದು ಕುಂಡ್ರಲಿ, ಆಂವನ ಅರ್ಧಾ ತರಲಿ, ಆಮ್ಯಾಲೆ ನಾ ನಂದು ಬಿಚ್ಚತೇನಿ.’ ಗುಡಗೇರಿಗೆ ಹೋದೆ. ಸಿದ್ದರಾಮಣ್ಣನದು ಇನ್ನೊಂದು ಕತೆ. ನೆಲ ನೋಡಿಕೊಂಡು, ದನಿ ತಗ್ಗಿಸಿ, ‘ಅಕ್ಕಾರ, ಅದೊಂದು ಕೇಳಬ್ಯಾಡ್ರಿ. ಮನಿತನದ ಮರ್ಯಾದಿ ಮಾತೈತಿ’ ಅಂದರು. ಆ ಮಾತು ನಾನು ಹೊರಗೆ ಬಿಟ್ಟಿರಲಿಲ್ಲ. ಆದರೆ ಸಿದ್ದರಾಮಣ್ಣ ಇನ್ನೂ ಒಬ್ಬಿಬ್ಬರ ಮುಂದೆ ಹಾಗೇ ನೆಲ ನೋಡಿರಬೇಕು. ಗೌರಕ್ಕನ ಕಿವಿಗೂ ಬಿತ್ತು.

ಈಗ ಶೈಲಾ ಅಂಗಡಿ ನಡೆಸುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದ್ದಾಳೆ. ಸಂತೋಷ. ಇವತ್ತು ಬೆಳಿಗ್ಗೆ ನನ್ನ ಹತ್ತಿರ ಬಂದು ಹೇಳಿದಳು: ‘ಅಕ್ಕಾರ, ನಾಳೆ ಬೋರ್ಡ್ ಬರಿಯಾಂವ ಬರತಾನ. ತಾಯವ್ವ ಯಾರಂತ ತಿಳದ್ರ ಹೆಸರು ಇರಲಿ. ತಿಳೀಲಿಲ್ಲಂದ್ರ ಅಳಸಿ ಅಪ್ಪನ ಹೆಸರು ಹಾಕಸ್ತೇನಿ. ನಮ್ಮವ್ವ ಇನ್ನ ಅದರ ಕೆಳಗ ತಲಿ ತಗ್ಗಿಸಿ ಬರೂದು ಬ್ಯಾಡ.’ ನಾನು ಬೇಡ ಅನ್ನಲಾರೆ. ಹೌದು ಅನ್ನಲೂ ಬಾಯಿ ಬರುತ್ತಿಲ್ಲ. ಇತಿಹಾಸ ಕಲಿಸಿದವಳು, ಗೊತ್ತಿಲ್ಲದ ಹೆಸರನ್ನು ಅಳಿಸು ಅಂತ ಹೇಗೆ ಹೇಳಲಿ?

ಅದಕ್ಕೇ ಇವತ್ತು, ಇಲ್ಲಿ, ಎಲ್ಲರೆದುರಿಗೆ ಕೇಳುತ್ತೇನೆ. ಪ್ರಭು ಸರ್. ಸಿದ್ದರಾಮಣ್ಣ. ಕಾಕಾ ಇನ್ನು ಹೇಳುವುದಿಲ್ಲ. ನೀವು ಹೇಳ್ರಿ.

—

ಪ್ರಭು ಸರ್, ಏನಂದ್ರಿ? ಜೋರಾಗಿ ಅನ್ರಿ, ಮೈಕಿನ ವೈರು ಅಲ್ಲಿಗೆ ಮುಟ್ಟುವುದಿಲ್ಲ. — ‘ಆಂವ ಮದ್ಲ ಈ ಕಡೆ ಬಂದು ಕುಂಡ್ರಲಿ’ ಅನ್ನುತ್ತಿದ್ದಾರೆ. ಕೇಳಿಸಿತಲ್ಲ ಎಲ್ಲರಿಗೂ? ಸತ್ತವರ ಫೋಟೋದ ಮುಂದೆಯೂ ಇದೇ! ಸಿದ್ದರಾಮಣ್ಣಾ, ಬರ್ರಿ. — ಬರುವುದಿಲ್ಲ. ತಲೆ ಅಲ್ಲಾಡಿಸುತ್ತಿದ್ದಾರೆ. ಏನು ಮಾಡಲಿ ಇವರಿಗೆ ನಾನು? ಏನ್ರಪಾ, ನಾವು ಹುಡುಗರಿಗೆ ಹೇಳಿಕೊಡುವುದೇನು, ನೀವು ಮಾಡುವುದೇನು?

ಗೌರಕ್ಕಾ — ಗೌರಕ್ಕಾ, ನೀವ್ಯಾಕ ಎದ್ರಿ? ಶೈಲಾ, ಕೈ ಹಿಡಿ ಅವರದು.

ದಾರಿ ಬಿಡಿ ಸ್ವಲ್ಪ. ಗೌರಕ್ಕ ಸಿದ್ದರಾಮಣ್ಣನ ಕಡೆ ಹೋಗುತ್ತಿದ್ದಾರೆ. ತಾವೇ ಖುರ್ಚಿ ಎಳೆದುಕೊಂಡು ಕೂತರು. ಪ್ರಭು ಸರ್, ನೋಡ್ರಿ, ಗಂಡನ್ನ ಕಳಕೊಂಡ ಹೆಣಮಗಳು ಎದ್ದು ಹೋದಳು, ನಿಮಗೆ ಏಳಲಿಕ್ಕೆ — ಹಾಂ. ಎದ್ದರು. ಬಂದರು. ನಿಧಾನಕ್ಕೆ ಬರ್ರಿ, ಅಲ್ಲಿ ಮೆಟ್ಟಿಲಿದೆ.

ಈಗ ಯಾರೂ ಚಪ್ಪಾಳೆ ಹೊಡೆಯಬೇಡಿ, ಇದು ಶ್ರದ್ಧಾಂಜಲಿ ಸಭೆ. ಅವರು ಹೇಳಲಿ, ಹಿಂದಿನವರಿಗೆ ನಾನು ತಿರುಗಿ ಹೇಳುತ್ತೇನೆ.

ಪ್ರಭು ಸರ್ ಹೇಳುತ್ತಿದ್ದಾರೆ — ಕಾಕಾ ಎಂ.ಎ. ಓದುವಾಗ ಗುಡಗೇರಿ ಸಂತೆಯಲ್ಲಿ, ರದ್ದಿಯವನ ಹತ್ತಿರ, ಒಂದು ಇತಿಹಾಸದ ಪುಸ್ತಕದ ಮೊದಲ ಸಂಪುಟ ಸಿಕ್ಕಿತ್ತಂತೆ. ಎರಡನೆಯದು ಎಲ್ಲೂ ಇಲ್ಲ. ದುಮ್ಮವಾಡದಲ್ಲಿ ತೀರಿಕೊಂಡ ಮಾಸ್ತರರೊಬ್ಬರ ಮನೆಯಲ್ಲಿದೆ ಅಂತ ಯಾರೋ ಹೇಳಿದರು. ಹೋದರು. ಮಾಸ್ತರರ ಹೆಂಡತಿ ತಾಯವ್ವ. ಕೊಡು ಅಂದರೆ ಕೊಡಲಿಲ್ಲ, ಮಾರು ಅಂದರೆ ಮಾರಲಿಲ್ಲ. ‘ಪುಸ್ತಕ ಮನಿ ಬಿಟ್ಟು ಹೋಗೂದಿಲ್ಲಪಾ, ಐತವಾರಕ್ಕೊಮ್ಮೆ ಬಂದು ಕಟ್ಟಿ ಮ್ಯಾಲೆ ಕುಂತು ಓದು’ ಅಂದಳು. ಕಾಕಾ ಪ್ರತಿ ಐತವಾರ ಹೋಗುತ್ತಿದ್ದರು. ಇವರು ಓದುತ್ತಿದ್ದರೆ ಅವಳು ಬಾಜು ಕೂತು ಶೇಂಗಾ ಸುಲಿಯುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಳು. ಸಂಜೆ ಪುಸ್ತಕ ಕಸಿದು ಟ್ರಂಕಿನಲ್ಲಿಟ್ಟು ಬೀಗ.

ಮುಂದೆ? — ಅಷ್ಟೇ ಅಂತೆ. ‘ಇಷ್ಟ ನನ್ನ ಪಾಲು. ಇಷ್ಟು ಜಿಪುಣ ಮುದುಕಿ ಹೆಸರು ಅಂಗಡಿಗೆ ಯಾಕ ಇಟ್ಟಾನಂತ ನನಗ ಇವತ್ತಿಗೂ ತಿಳದಿಲ್ಲ.’

ಏನು ಸಿದ್ದರಾಮಣ್ಣಾ, ಯಾಕೆ ಹಾಗೆ ಹೌಹಾರಿದ್ರಿ?

‘ಮುದುಕಿಯೇನ್ರಿ?!’

ನಗಬೇಡಿ. ದಯವಿಟ್ಟು ನಗಬೇಡಿ — ನಾನೂ ನಗುತ್ತಿಲ್ಲ. ಸಿದ್ದರಾಮಣ್ಣಾ, ಮತ್ತೇನಂತ ತಿಳಿದಿದ್ರಿ ನೀವು? ‘ಪ್ರಾಯದಾಕಿ ಅಂತ ತಿಳಿದಿದ್ನಿರಿ.’ ಹೇಳಿದಾಗ ಕಾಕಾನ ಕಣ್ಣಲ್ಲಿ ನೀರು ಬಂದಿತ್ತಂತೆ, ಇವರು ಅದನ್ನೇ ನೋಡಿ ತೀರ್ಮಾನ ಮಾಡಿಬಿಟ್ಟರು. ಯಪ್ಪಾ ಯಪ್ಪಾ! ಇಷ್ಟು ವರ್ಷ ಈ ಮಹಾರಾಯರು ಮನೆತನದ ಮರ್ಯಾದೆ ಕಾಯುತ್ತ ಕೂತಿದ್ದರು! ಕಲಘಟಗಿಗೆ ಒಂದು ಸಲ ಹೋಗಿ ಒಂದು ಕಪ್ ಚಹಾ ಕುಡಿದಿದ್ದರೆ ಆ ಮರ್ಯಾದೆಗೆ ಏನೂ ಆಗಿಲ್ಲ ಅಂತ ಗೊತ್ತಾಗುತ್ತಿತ್ತಲ್ರೀ!

ಇರಲಿ. ನಿಮ್ಮ ಅರ್ಧ ಹೇಳ್ರಿ. ಗೌರಕ್ಕ ಕೇಳುತ್ತಿದ್ದಾರೆ.

ಹೇಳುತ್ತಿದ್ದಾರೆ — ಪುಸ್ತಕ ಮುಗಿದ ದಿನ ಕಾಕಾ ಕೇಳಿದರಂತೆ, ಒಂದು ವಾರಕ್ಕಂತ ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅದಕ್ಕೆ ತಾಯವ್ವ —

ಸಿದ್ದರಾಮಣ್ಣಾ, ಅವಳ ಮಾತು ಹೆಂಗೈತೋ ಹಂಗೇ ಹೇಳ್ರಿ.

‘ಕೊಟ್ಟು ಕಳಿಸಿದ್ರ ನೀ ಮತ್ತ ಬರ್ತಿದ್ದೇನಪಾ?’

ಹೀಗಂದಳು. ಕಾಕಾ ನಕ್ಕು, ಬರತೇನವಾ, ಬರದೇ ಏನು, ಅಂದು ಎದ್ದು ಬಂದರು. ಪರೀಕ್ಷೆ ಪಾಸಾಯಿತು. ಮತ್ತೆ ಹೋಗಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ. ಒಂದು ಜೊತೆ ಸೀರೆ ತಗೊಂಡು ಹೋದ ದಿನ ಬಾಗಿಲಿಗೆ ಬೀಗ ಇತ್ತು. ಬಾಜು ಮನೆಯವರು ಹೇಳಿದರಂತೆ: ‘ಐತವಾರ ಬಂತಂದ್ರ ಕಟ್ಟಿ ಸಾರಿಸಿ ಕುಂಡ್ರತಿದ್ಲು ನೋಡ್ರಿ. ಹ್ವಾದ್ಲು.’ ಅದೇ ವರ್ಷ ಅಂಗಡಿ ತೆರೆದರು.

—

ಒಂದು ಲೋಟ ನೀರು ಕೊಡಿ. ನನಗಲ್ಲ, ಸಿದ್ದರಾಮಣ್ಣನಿಗೆ.

ನಾನು ಮಾತು ತಯಾರಿ ಮಾಡಿಕೊಂಡು ಬಂದಿದ್ದೆ. ಅಂಗಡಿಯ ಸಾಂಸ್ಕೃತಿಕ ಕೊಡುಗೆ ಅಂತ ಏನೇನೋ. ಅದು ಬೇಡ ಈಗ. ಕಾಕಾ ಸೆಟ್ಟು ಯಾಕೆ ಒಡೆಯುತ್ತಿದ್ದರು ಅಂತ ಇಷ್ಟು ವರ್ಷ ಬಾಜು ಕೂತು ಬೈದವಳು ನಾನು. ಹುಚ್ಚು ಅಂದೆ, ಹಟ ಅಂದೆ. ಒಂದು ಸಲ ಬಾಯಿ ಬಿಟ್ಟು ಹೇಳಬಾರದಿತ್ತೇ ಕಾಕಾ? ಫೋಟೋದಲ್ಲಿ ನಗುತ್ತಾ ಕೂತಿದ್ದೀರಿ!

ಗೌರಕ್ಕ ಏನೋ ಅನ್ನುತ್ತಿದ್ದಾರೆ. ಸುಮ್ಮನಿರಿ ಎಲ್ಲರೂ. — ‘ನಾ ಹೆಂಗೂ ದಿನಾ ಬುತ್ತಿ ತಗೊಂಡು ಹೋಗ್ತಿದ್ದೆ. ಹೇಳಿಬಿಟ್ರ ನಾನೂ ಬರೂದು ಬಿಡತೇನಂತ ತಿಳಿದಿತ್ತೇನ ಈ ಮನಷ್ಯಾಗ?’

ಗೌರಕ್ಕಾ, ನಿಮ್ಮ ಸಿಟ್ಟು ನ್ಯಾಯವಾದದ್ದು, ಇಟ್ಟುಕೊಳ್ಳಿ. ನಾನೂ ನನ್ನದನ್ನು ಇಟ್ಟುಕೊಳ್ಳುತ್ತೇನೆ.

ಶೈಲಾ, ಬೋರ್ಡ್ ಬರೆಯುವವನಿಗೆ ಏನು ಹೇಳಲಿ? — ‘ಬಣ್ಣ ಅಷ್ಟ ಹಚ್ಚಸ್ತೇನ್ರಿ’ ಅಂದಳು. ಒಳ್ಳೆಯದು. ನಾನು ನಾಳೆ ಮೊದಲನೆಯ ಪುಟ ಬರೆಯುತ್ತೇನೆ.

ಉಳಿದವರಿಗೊಂದು ಮಾತು. ನೀವೆಲ್ಲ ಕಣ್ಣೀರು ಹಾಕಿದಿರಿ, ಹಾರ ಹಾಕಿದಿರಿ. ಹೋದ ವರ್ಷ ಮಧ್ಯಾಹ್ನಗಳಲ್ಲಿ ಆ ಅಂಗಡಿಯಲ್ಲಿ ನಾವಿಬ್ಬರೇ ಕೂತಿರುತ್ತಿದ್ದೆವು. ಬಸ್ಸು ನಿಂತ ಸದ್ದು ಕೇಳಿದರೆ ಕಾಕಾ ಬಾಗಿಲ ಕಡೆ ನೋಡುತ್ತಿದ್ದರು. ನಿಮಗೆ ಫೋನಿನಲ್ಲಿ ತರಿಸಿದರೆ ಪುಸ್ತಕ ಮನೆಗೇ ಬರುತ್ತದೆ, ಗೊತ್ತು. ಬರುವ ಐತವಾರ ಅಂಗಡಿ ತೆರೆದಿರುತ್ತದೆ. ನಿಮ್ಮ ನಿಮ್ಮ ಸಂಪುಟ ತಗೊಂಡು ಬರ್ರಿ. ಕಾಕಾ ನಿಮಗೆ ಹೇಳಿದ್ದನ್ನೂ ತಗೊಂಡು ಬರ್ರಿ. ನಾನು ಇನ್ನು ಬಸ್ಸು ಹತ್ತುವುದಿಲ್ಲ.

ಈಗ ಅಗಲಿದ ಹಿರಿಯ ಚೇತನಕ್ಕೆ ಗೌರವ ಸಲ್ಲಿಸಲು ಒಂದು ನಿಮಿಷ ಮೌನ ಆಚರಿಸೋಣ. ಎಲ್ಲರೂ ಎದ್ದು ನಿಲ್ಲಿ. ಮೊಬೈಲು ಬಂದ್ ಮಾಡ್ರಿ. ಪ್ರಭು ಸರ್, ನಿಮ್ಮ ಗೋಡೆಗೆ ವಾಪಸ್ ಹೋಗಬೇಡ್ರಿ, ಅಲ್ಲೇ ಸಿದ್ದರಾಮಣ್ಣನ ಬಾಜೂ ನಿಲ್ರಿ.

ಗೌರಕ್ಕಾ, ನೀವು ಏಳಬ್ಯಾಡ್ರಿ. ಕುಂತೇ ಇರ್ರಿ. ನೀವು ನಲವತ್ತು ವರ್ಷ ಸುಮ್ಮನಿದ್ರಿ. ಈ ಒಂದು ನಿಮಿಷ ನಾವು ಇರತೇವಿ.